ಅಳಿಲುಪಂಜರ

ಲೋಹಾರ್ ಚಾಳಿನಲ್ಲಿ ತಾಹೇರ್‌ಭಾಯಿಯ ಅಂಗಡಿ.
ಹದಿನೇಳು ವರ್ಷದಿಂದ ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು
ಕರಿ ತಂತಿ ಕಿತ್ತು ಕೆಂಪು ತಂತಿ ಸುತ್ತುತ್ತೇನೆ.
ವಾರ್ನಿಷಿನ ವಾಸನೆ ನನ್ನ ಬುತ್ತಿಯಲ್ಲೂ ಇದೆ,
ಹೆಂಡತಿಯ ಪ್ರಕಾರ ನಿದ್ದೆಯಲ್ಲೂ.

ಮೊದಲ ದಿನ ಅವರು ಕೈಗಿಟ್ಟದ್ದು ಒಂದು ರೋಟರು.
‘ಇದರ ಹೆಸರು ಗೊತ್ತೇನೋ ವಿಜಾಪುರ?
ಕಬ್ಬಿಣ ಕಳೆದು ನೋಡು: ಆ ತುದಿಗೊಂದು ಬಳೆ, ಈ ತುದಿಗೊಂದು ಬಳೆ,
ನಡುವೆ ಓರೆಯಾಗಿ ಸರಳು. ಅಳಿಲಿನ ಪಂಜರ.’
ಅಳಿಲೆಲ್ಲಿ ಅಂದೆ.
ಚಹಾ ತರಲು ಕಳಿಸಿದರು.

ಕಳೆದ ಶ್ರಾವಣದಲ್ಲಿ ಮಗಳು ಸಾನಿಕಾ ಹಟ ಹಿಡಿದು
ಕ್ರಾಫರ್ಡ್ ಮಾರ್ಕೆಟ್ಟಿನ ಹಿಂಬದಿಯಿಂದ
ಮುಷ್ಟಿಯಷ್ಟು ಜೀವ ತರಿಸಿದಳು. ಮುನ್ನೂರು ರೂಪಾಯಿ.
ಚಕ್ರಕ್ಕೆ ಬೇರೆ ನೂರಿಪ್ಪತ್ತು.
ಹೆಸರು ಲಾಡು.

‘ಅಪ್ಪಾ, ಜಗತ್ತಿನ ಲಾಡುಗಳೆಲ್ಲ ಒಬ್ಬಾಕಿ ತಾಯಿ ಸಂತಾನ ಅಂತ.
ಅಲೆಪ್ಪೊ ಅಂತ ಒಂದೂರು, ಅಲ್ಲಿ ಗೋಧಿ ಹೊಲ,
ಎಂಟಡಿ ಅಗದು ತಗದ್ರಂತ.’
ಚಕ್ರವನ್ನೂ ಅಲ್ಲೇ ಅಗೆದರೇನು?
ಇಲ್ಲವಂತೆ. ಚಕ್ರ ಲಾಡುವಿಗಿಂತ ಹಳೆಯದು.
ತಗಡಿನ ಕೆಲಸದವರು ಅಂಗಡಿ ಮುಂದೆ ಗಿರಾಕಿ ಸೆಳೆಯಲು
ಅದರಲ್ಲಿ ಅಳಿಲು ಬಿಟ್ಟು ಓಡಿಸುತ್ತಿದ್ದರಂತೆ.
(ತಾಹೇರ್‌ಭಾಯಿ, ಅಳಿಲು ಸಿಕ್ಕಿತು.)
ಅದಕ್ಕೂ ಮುಂಚೆ ನಾಯಿ: ದೊರೆಗಳ ಅಡಿಗೆಮನೆಯ ಗೋಡೆಗೆ ಚಕ್ರ,
ಅದು ಓಡಿದರೆ ಒಲೆಯ ಮೇಲೆ ಮಾಂಸ ತಿರುಗುತ್ತಿತ್ತು.
ಅದಕ್ಕೂ ಎಷ್ಟೋ ಮುಂಚೆ ಮನುಷ್ಯ,
ಚಕ್ರದೊಳಗೆ ನಡೆನಡೆದು ಇಗರ್ಜಿಯ ಕಲ್ಲೆತ್ತಿದವನು.
ಮತ್ತೆ ಜೈಲಿನವರು. ಕೆಲವು ಜೈಲಿನ ಚಕ್ರಕ್ಕೆ
ಬೀಸುಕಲ್ಲನ್ನೇ ಜೋಡಿಸಿರಲಿಲ್ಲ;
ದಿನವಿಡೀ ತುಳಿದು ಕೈದಿಗಳು ಗಾಳಿ ಬೀಸಿದರು.
ನಮ್ಮಲ್ಲಿ ಗಾಳಿ ತಾನೇ ಬೀಸುತ್ತದೆ.

ನನ್ನ ಅಜ್ಜ ಸಿಂದಗಿಯಲ್ಲಿ ಗಾಣದವನು.
ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದ,
ದೂರದೂರಿಗೆ ಹೊಂಟೀನಿ ಅಂತ ತಿಳೀಲಿ ಪಾಪ, ಎಂದು.
ಲಾಡುವಿಗೆ ಯಾರೂ ಕಣ್ಣು ಕಟ್ಟಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ನಾನು ದಿವಾ ಸ್ಟೇಷನ್ನಿನಲ್ಲಿಳಿದು
ಬಾಗಿಲು ತೆರೆದರೆ ಅದರ ಪಾಳಿ ಶುರು.
ಕೀಂವ್ ಕೀಂವ್ ಕೀಂವ್.
ಲೋಕಲ್ಲನ್ನು ಇದಕ್ಕೆ ಹೋಲಿಸುವವರು ಹೋಲಿಸಲಿ,
ನನ್ನ ಲೋಕಲ್ಲು ನನ್ನನ್ನು ಮನೆಗೆ ತಂದು ಬಿಡುತ್ತದೆ.
ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು
ಅನ್ನ ಕಲಸುತ್ತ ನೋಡುತ್ತಿದ್ದೆ.

ರೋಟರಿಗೆ ಯಾವ ತಂತಿಯೂ ತಾಗಿರುವುದಿಲ್ಲ.
ಸುತ್ತಲೂ, ಕಾಣದಂತೆ, ಏನೋ ಒಂದು
ನಿಮಿಷಕ್ಕೆ ಸಾವಿರದೈನೂರು ಸುತ್ತು ಓಡುತ್ತದೆ;
ಪಂಜರ ಅದರ ಬೆನ್ನು ಹತ್ತಿ
ಸಾವಿರದ ನಾನೂರ ನಲವತ್ತು ಓಡುತ್ತದೆ.
ಆ ಅರವತ್ತರ ಬಾಕಿಯಲ್ಲೇ
ದಿವಾದ ಟಾಕಿಗಳಿಗೆ ನೀರೇರುವುದು, ಜೋಳ ಹಿಟ್ಟಾಗುವುದು.
ಬಾಕಿ ತೀರಿ ಅದನ್ನು ಮುಟ್ಟಿದರೆ
ಎಳೆತ ಅಲ್ಲಿಗೇ ಸತ್ತಿತು.
ಇದನ್ನು ಐಟಿಐಯಲ್ಲಿ ಬಾಯಿಪಾಠ ಮಾಡಿ
ಅರವತ್ತೆಂಟು ಅಂಕ ತಗೊಂಡಿದ್ದೆ.
ಅರ್ಥವಾದದ್ದು ಈ ಬೆಣ್ಣೆಬಣ್ಣದ ಬೆನ್ನು ನೋಡುತ್ತ,
ಕೈ ತೊಳೆಯದೆ ಕೂತಾಗ.

ಜೂನಿನಲ್ಲಿ ಲಾಡು ಹೋಯಿತು.
ಸಾನಿಕಾ ಖಾರಿಯ ಡಬ್ಬಿಯಲ್ಲಿ ಒಯ್ದು
ರೈಲುಹಳಿಯ ಆಚೆ ಹೂತು ಬಂದಳು, ನಾಲ್ಕು ದಿನ ಮಾತಿಲ್ಲ.
ಪಂಜರ ಭಂಗಾರದವನಿಗೆ ಹೋಯಿತು.
ಚಕ್ರ ಮಾತ್ರ ಗ್ಯಾಲರಿಯ ಮೂಲೆಯಲ್ಲಿ,
ತುಳಸಿ ಡಬ್ಬಕ್ಕೆ ಒರಗಿಕೊಂಡು ತನ್ನ ಕಾಲಮೇಲೆ ನಿಂತಿತ್ತು.

ನಿನ್ನೆ ನಡುರಾತ್ರಿ
ಕೀಂವ್ ಕೀಂವ್.

ಹೊರಗೆ ಸಣ್ಣ ಮಳೆ. ಬಾಗಿಲ ಸಂದಿಯಿಂದ ನೋಡಿದೆ:
ಚಾಳಿನ ಇಲಿ, ಅರ್ಧ ಬಾಲದ್ದು,
ಯಾರೂ ಕೊಂಡಿರದ್ದು, ಯಾರೂ ಕೂಡಿಹಾಕಿರದ್ದು.
ಹತ್ತಿತು, ಓಡಿತು, ಇಳಿದು ಮೂಸಿತು.
ಎದುರಿಗೆ ಗಟಾರು, ಹಳಿ, ಇಡೀ ಕಲ್ಯಾಣದವರೆಗೆ ಬಯಲು.
ಮತ್ತೆ ಹತ್ತಿತು.

ಟಾರ್ಚು ಹಾಕಲಿಲ್ಲ.
ಎಣ್ಣೆ ಒಣಗಿದೆ ಅಂತ ಮಾತ್ರ ಕಿವಿಗೆ ಗೊತ್ತಾಯಿತು.